ತಕ್ಕಡಿಯ ಮುಂದೆ ಕ್ರೈಸ್ತನಾಗಿರುವುದು: ದಿನದ ಬದುಕಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಹದಿನಾಲ್ಕು ವರ್ಷ ರೈಟರ್ ಆಗಿದ್ದೆ, ಅಂದರೆ ಆಳುಗಳ ಕೆಲಸ, ಕೂಲಿಯ ಲೆಕ್ಕ ಬರೆಯುವವನು. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಹೆಂಗಸರು ಹಣ್ಣಿನ ಚೀಲ ಹೊತ್ತುಕೊಂಡು ಕಣಕ್ಕೆ ಬರುತ್ತಿದ್ದರು. ಕೊಯ್ದ ತೂಕಕ್ಕೆ ತಕ್ಕಂತೆ ಅವರ ಕೂಲಿ. ಕೊಕ್ಕೆ ತಕ್ಕಡಿಗೆ ಚೀಲ ಸಿಕ್ಕಿಸಿದ ಕೂಡಲೇ, ಮುಳ್ಳು ನಿಲ್ಲುವ ಮೊದಲೇ, ನಾನು ಕೂಗುತ್ತಿದ್ದೆ: "ನಲವತ್ತಮೂರು!" ಮುಳ್ಳು ನಿಂತಾಗ ನಲವತ್ತಮೂರೂವರೆ ತೋರಿಸುತ್ತಿತ್ತು. ಆ ಅರ್ಧ ಕಿಲೋ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಚರ್ಚಿನಲ್ಲಿ ಮೊದಲನೇ ವಾಚನ ಓದುತ್ತಿದ್ದವನೂ ನಾನೇ.

ಕೆಲಸಕ್ಕೆ ಸೇರಿ ಆರನೇ ವರ್ಷ. ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೂರನೇ ಭಾನುವಾರ. ಕಥೋಲಿಕ ಚರ್ಚುಗಳಲ್ಲಿ ಮೂರು ವರ್ಷಕ್ಕೊಮ್ಮೆ ಆ ದಿನ ಲೂಕನ ಶುಭಸಂದೇಶದ 3ನೇ ಅಧ್ಯಾಯ ಓದುತ್ತಾರೆ. ಡಿಸೆಂಬರ್ ನಡುಭಾಗ ಅಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲು ಜೋರಾಗಿರುವ ಕಾಲ. ಸ್ನಾನಿಕ ಯೊವಾನ್ನನ ಹತ್ತಿರ ಜನ ಬಂದು "ನಾವೇನು ಮಾಡಬೇಕು?" ಅಂತ ಕೇಳುತ್ತಾರೆ. ಎರಡು ಅಂಗಿ ಇದ್ದರೆ ಇಲ್ಲದವನಿಗೆ ಒಂದು ಕೊಡಿ ಅನ್ನುತ್ತಾನೆ. ಸುಂಕದವರು ಕೇಳಿದಾಗ, ನೇಮಿಸಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾನೆ. ಸೈನಿಕರಿಗೆ ಹೇಳಿದ್ದು: ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ಆರೋಪ ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ.

ಗಮನಿಸಿದಿರಾ? ಕೆಲಸ ಬಿಟ್ಟು ಕಾಡಿಗೆ ಬನ್ನಿ ಅಂತ ಯಾರಿಗೂ ಹೇಳಲಿಲ್ಲ. ಅವರವರ ಕೆಲಸದಲ್ಲಿ ಕೈ ಜಾರುವ ಜಾಗ ಯಾವುದೋ ಅಲ್ಲಿಗೇ ಬೆರಳಿಟ್ಟ. ರೈಟರ್ ಒಬ್ಬ ಹೋಗಿ ಕೇಳಿದ್ದರೆ ಏನು ಹೇಳುತ್ತಿದ್ದ ಅಂತ ನನಗೆ ಆ ಬೆಂಚಿನಲ್ಲೇ ಗೊತ್ತಾಯಿತು.

ಈ ಬರಹ ಅಲ್ಲಿಂದ ಹುಟ್ಟಿದ್ದು. ನಾನು ಧರ್ಮಶಾಸ್ತ್ರ ಓದಿದವನಲ್ಲ. ಹುಟ್ಟಿನಿಂದ ಕಥೋಲಿಕ. 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಒಂದು ಸಣ್ಣ ಊರಿನವನು. ಹಾಸನದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಸಭೆ) ಗೆಳೆಯರಿಂದ ಕಲಿತದ್ದೂ ಇದರಲ್ಲಿ ಸೇರಿದೆ.

ಹೆಜ್ಜೆ 1: ನಿಮ್ಮನ್ನು ಪ್ರಶ್ನೆ ಮಾಡಲಾಗದವರ ಪಟ್ಟಿ

ಒಂದು ನಲವತ್ತು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ನೀವು ದಿನಾ ಮಾಡುವ ಕೆಲಸಗಳನ್ನು ಬರೆಯಿರಿ. ಸಂಬಳದ ಕೆಲಸ ಮಾತ್ರ ಅಲ್ಲ. ಅಪ್ಪ, ಅತ್ತೆ, ಬಾಡಿಗೆ ಮನೆಯ ಮಾಲೀಕ, ಸಂಘದ ಖಜಾಂಚಿ, ಎಲ್ಲವೂ.

ಈಗ ಪ್ರತಿಯೊಂದರ ಕೆಳಗೆ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಇಲ್ಲಿ ನಾನು ತಪ್ಪು ಮಾಡಿದರೆ ಯಾರು ನನ್ನನ್ನು ಕೇಳಲಾರರು?

ನನ್ನ ಪಟ್ಟಿಯಲ್ಲಿ ಕೊಯ್ಲಿನವರು ಬಂದರು. ಅವರಲ್ಲೂ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಲೈನ್ ಮನೆಯಲ್ಲಿ (ತೋಟದ ಆಳುಗಳ ಸಾಲುಮನೆ) ಇರುವವರು ಮೊದಲು. ಕನ್ನಡ ಓದಲು ಬಾರದವರಿಗೆ ನಾನು ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಕೂಲಿಯ ಪುಸ್ತಕದಲ್ಲಿ, ಬರೆದದ್ದೇ ವೇದ. ಹೋಮ್‌ಸ್ಟೇ ನಡೆಸುವವರಿಗೆ ಪಾತ್ರೆ ತೊಳೆಯುವ ಹುಡುಗ ಸಿಗುತ್ತಾನೆ. ಟೀಚರಿಗೆ ಕೊನೆ ಬೆಂಚಿನ ಮಗು. ತಾಲ್ಲೂಕು ಕಚೇರಿಯಲ್ಲಿ ಕೂತವರಿಗೆ ಪಹಣಿ ತಿದ್ದುಪಡಿಗೆ ನಾಲ್ಕನೇ ಸಲ ಬಂದ ಮುದುಕ. ಸೈನಿಕರಿಗೆ ಯೊವಾನ್ನ ಹೇಳಿದ ಮಾತು ನೇರವಾಗಿ ಹೋಗುವುದು ಈ ಕುರ್ಚಿಗೆ.

ಈ ಪಟ್ಟಿ ಯಾಕೆ ಮೊದಲು? ಬಲ ಇರುವವರ ಮುಂದೆ ನಾವೆಲ್ಲ ಹೇಗೋ ನೆಟ್ಟಗೇ ಇರುತ್ತೇವೆ. ಅದಕ್ಕೆ ಧರ್ಮ ಬೇಡ, ಭಯ ಸಾಕು. ಮತ್ತಾಯನ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಕೇಳುವುದೂ ಹಸಿದವನು, ಪರದೇಶಿ, ಬಟ್ಟೆ ಇಲ್ಲದವನು, ಕಾಯಿಲೆಯವನು, ಜೈಲಿನಲ್ಲಿರುವವನು, ಇವರ ಬಗ್ಗೆಯೇ. ತಿರುಗಿ ಕೇಳಲು ಶಕ್ತಿ ಇಲ್ಲದವರು.

ಹೆಜ್ಜೆ 2: ವಾರಕ್ಕೆ ಒಂದೇ ವಚನ

ಇದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಮತ್ತಾಯ 5, 6, 7ನೇ ಅಧ್ಯಾಯಗಳಲ್ಲಿ ಬೆಟ್ಟದ ಮೇಲಿನ ಉಪದೇಶ ಇದೆ. ಒಟ್ಟು 111 ವಚನ. ನಿಧಾನವಾಗಿ ಓದಿದರೂ ಅರ್ಧ ಗಂಟೆ ಬೇಡ. ಒಮ್ಮೆ ಪೂರ್ತಿ ಓದಿ. ಆಮೇಲೆ ನಿಮ್ಮ ಪಟ್ಟಿಯ ಪಕ್ಕ ಇಟ್ಟುಕೊಂಡು, ಯಾವ ವಚನ ಓದಿದಾಗ ಸ್ವಲ್ಪ ಇರುಸುಮುರುಸಾಗುತ್ತದೋ ಅದನ್ನು ಆರಿಸಿಕೊಳ್ಳಿ. ಹಿತವಾದದ್ದನ್ನಲ್ಲ. ವಾರವಿಡೀ ಅದೊಂದೇ.

ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಬುಧವಾರದ ಹೊತ್ತಿಗೆ ಎಲ್ಲವೂ ಕೈಬಿಡುತ್ತದೆ. ನನ್ನ ಅನುಭವದ ಮಾತು. ಮೆಥಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘದವರಿಗೆ ಮೂರೇ ನಿಯಮ ಬರೆದುಕೊಟ್ಟಿದ್ದರು: ಕೇಡು ಮಾಡಬೇಡ, ಆದಷ್ಟು ಒಳ್ಳೆಯದು ಮಾಡು, ಪ್ರಾರ್ಥನೆ, ವಾಚನ, ಪ್ರಭುಭೋಜನದಂಥ ದೇವರ ವಿಧಿಗಳನ್ನು ಬಿಡಬೇಡ. ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದರಿಂದ ಹಾಸನದ ಹಳೆಯ ಸಿಎಸ್‌ಐ ಮನೆಗಳಲ್ಲಿ ಈ ಮೂರು ಮಾತು ಇನ್ನೂ ಓಡಾಡುತ್ತಿವೆ. ವೆಸ್ಲಿ 'ಕೇಡು ಮಾಡಬೇಡ' ಎನ್ನುವುದನ್ನು ಮೊದಲು ಇಟ್ಟದ್ದು ನನಗೆ ಬಹಳ ಇಷ್ಟ. ನಾವು ಸಾಮಾನ್ಯವಾಗಿ ಎರಡನೆಯದರಿಂದ ಶುರು ಮಾಡುತ್ತೇವೆ. ಕೂಲಿಯಲ್ಲಿ ಹಿಡಿದುಕೊಂಡು ಕ್ರಿಸ್‌ಮಸ್‌ಗೆ ಸೀರೆ ಹಂಚುತ್ತೇವೆ.

ಹೆಜ್ಜೆ 3: ತೂಕ ಮತ್ತು ಕೂಲಿ

ಇಲ್ಲಿ ಸ್ವಲ್ಪ ಕೂತು ಮಾತಾಡೋಣ. ಮಲೆನಾಡಿನ ಕ್ರೈಸ್ತರಲ್ಲಿ ಬಹಳ ಜನರ ಅನ್ನ ಇರುವುದು ಇಲ್ಲೇ.

ಬೈಬಲ್ಲಿಗೆ ತಕ್ಕಡಿಯ ಮೇಲೆ ಎಷ್ಟು ಕಣ್ಣು ಅಂತ ಗೊತ್ತಾದರೆ ಆಶ್ಚರ್ಯವಾಗುತ್ತದೆ. ಮೋಸದ ತಕ್ಕಡಿ ಸರ್ವೇಶ್ವರನಿಗೆ ಅಸಹ್ಯ ಅನ್ನುತ್ತದೆ ಜ್ಞಾನೋಕ್ತಿ 11ರ ಮೊದಲ ವಚನ. ಯಾಜಕಕಾಂಡ 19ರಲ್ಲಿ ನ್ಯಾಯವಾದ ತಕ್ಕಡಿ, ನ್ಯಾಯವಾದ ಬಟ್ಟು ಇರಬೇಕು ಅಂತ ಆಜ್ಞೆಯೇ ಇದೆ. ಅದೇ ಅಧ್ಯಾಯದ 13ನೇ ವಚನ, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅನ್ನುತ್ತದೆ. ಧರ್ಮೋಪದೇಶಕಾಂಡ 24 ಇನ್ನೂ ಬಿಗಿ: ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅವನ ಮನಸ್ಸೆಲ್ಲ ಅದರ ಮೇಲೇ ಇದೆ. ಆ ಕಾನೂನು ಸ್ವದೇಶದವನಿಗೆ ಹೇಗೋ ಪರದೇಶಿ ಕೂಲಿಗೂ ಹಾಗೇ. ಜಾರ್ಖಂಡಿನ ಹುಡುಗನನ್ನು ನೆನಪಿಸಿಕೊಳ್ಳಿ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಂತೂ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ.

ಇದನ್ನು ಕಣದಲ್ಲಿ ಮಾಡುವುದು ಹೀಗೆ.

ಚೀಲ ಏರಿಸುವ ಮೊದಲು ಖಾಲಿ ತಕ್ಕಡಿ ಸೊನ್ನೆಯಲ್ಲಿದೆ ಅಂತ ಎಲ್ಲರಿಗೂ ತೋರಿಸಿ. ಕೊಯ್ದವರು ಮುಳ್ಳು ಅಥವಾ ಅಂಕಿ ಕಾಣುವ ಕಡೆ ನಿಲ್ಲಲಿ. ತೂಕ ಹಾಕುವವನ ಬೆನ್ನು ಅವರಿಗೆ ಅಡ್ಡ ಬರಬಾರದು. ಚೀಲದ ತೂಕ ಕಳೆಯುವುದು ಸರಿಯೇ. ಆದರೆ ಬೆಳಿಗ್ಗೆಯೇ ಒಂದು ಖಾಲಿ ಚೀಲ ತೂಗಿ ಇಷ್ಟು ಅಂತ ಹೇಳಿಬಿಡಿ. ಮಳೆ ಬಿದ್ದ ದಿನ ಹಣ್ಣಿನ ಮೇಲೆ ನೀರು ಇರುತ್ತದೆ ನಿಜ. ಎಷ್ಟು ಕಳೆಯುತ್ತೀರಿ ಅನ್ನುವುದನ್ನು ತೂಕ ನೋಡಿದ ಮೇಲೆ ತೀರ್ಮಾನ ಮಾಡಬೇಡಿ, ಮೊದಲೇ ಹೇಳಿ. ಅರ್ಧ, ಕಾಲು ಏನಿದೆಯೋ ಅದನ್ನು ಹಾಗೇ ಬರೆಯಿರಿ. ದಿನದ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಓದಲು ಬಾರದವರೂ ಆ ಚೀಟಿಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳುತ್ತಾರೆ, ಮಕ್ಕಳ ಹತ್ತಿರ ಓದಿಸುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಅದು ಸರ್ಕಾರದ ಕಾಟಾಚಾರ ಅನ್ನಿಸಬಹುದು. ಯಾಜಕಕಾಂಡದ ಮಾತನ್ನೇ ಅವರು ಸೀಲಿನಲ್ಲಿ ಒತ್ತುತ್ತಿದ್ದಾರೆ ಅಂತ ನಾನು ಅಂದುಕೊಳ್ಳುತ್ತೇನೆ.

ಶನಿವಾರದ ಬಟವಾಡೆ ಬೆಳಕಿರುವಾಗಲೇ ಮುಗಿಯಲಿ. ದುಡ್ಡು ಕೈಗೆ ಬರುವ ಹೊತ್ತಿಗೆ ಸಂತೆ ಮುಗಿದಿದ್ದರೆ ಅವರು ಲೈನಿನ ಹತ್ತಿರದ ಅಂಗಡಿಯಲ್ಲಿ ಜಾಸ್ತಿ ಬೆಲೆಗೆ ಸಾಮಾನು ತರಬೇಕು. ಆ ಜಾಸ್ತಿ ಬೆಲೆ ನಿಮ್ಮ ಲೆಕ್ಕಕ್ಕೆ ಸೇರಿದ್ದು. ಅಡ್ವಾನ್ಸ್ ಮುರಿದುಕೊಳ್ಳುವಾಗ ಒಂದೇ ವಾರದಲ್ಲಿ ಪೂರ್ತಿ ಹಿಡಿಯಬೇಡಿ. ವಾರಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ಆ ಭಾನುವಾರದ ನಂತರ ನಾನು ಧೈರ್ಯ ಮಾಡಿ ಸಾವ್ಕಾರರ ಹತ್ತಿರ ಹೋದೆ. "ಇನ್ಮೇಲೆ ಅರ್ಧ ಕಿಲೋನೂ ಬರೀತೀನಿ" ಅಂದೆ. ಬೈಯುತ್ತಾರೆ ಅಂತ ಕಾದಿದ್ದೆ. ಅವರು ಪೇಪರಿನಿಂದ ತಲೆ ಎತ್ತಿ, "ಕಡಿಮೆ ಬರಿ ಅಂತ ನಾನ್ಯಾವಾಗ ಹೇಳಿದ್ದೆ?" ಅಂದರು. ನಿಜ. ಅವರು ಹೇಳಿರಲೇ ಇಲ್ಲ. ಒಳ್ಳೇ ರೈಟರ್ ಅನ್ನಿಸಿಕೊಳ್ಳಲು ನಾನೇ ಶುರು ಮಾಡಿದ್ದೆ. ಮೇಲಿನವರ ಹೆಸರಿನಲ್ಲಿ ನಾವು ಮಾಡುವ ಎಷ್ಟು ತಪ್ಪು ಮೇಲಿನವರಿಗೆ ಗೊತ್ತೇ ಇರುವುದಿಲ್ಲ ಅಂತ ಅವತ್ತು ತಿಳಿಯಿತು.

ತೋಟ ಇಲ್ಲದವರಿಗೆ? ಹಾಸನದಲ್ಲಿ ತಿನ್ನುವ ಆಲೂಗಡ್ಡೆಯನ್ನು ಬಿತ್ತನೆ ಗಡ್ಡೆ ಅಂತ ಮಾರುವುದು, ಕಾಳುಮೆಣಸಿನ ಚೀಲದಲ್ಲಿ ಮೇಲೆ ಗಟ್ಟಿ ಕಾಳು ಕೆಳಗೆ ಜೊಳ್ಳು ಹಾಕುವುದು, ಸರಿಯಾಗಿ ಒಣಗದ ಚೆರ್ರಿ ಕಾಫಿಯನ್ನು ತೂಕಕ್ಕಾಗಿ ಹಾಗೇ ಕೊಡುವುದು, ಎಲ್ಲವೂ ಅದೇ ತಕ್ಕಡಿ. ಪೇಟೆಯಲ್ಲಿ ಇರುವವರು ಮನೆಗೆಲಸಕ್ಕೆ ಬರುವ ಅಕ್ಕನನ್ನು ನೆನೆಯಿರಿ. ನೀವು ಹತ್ತು ದಿನ ಊರಿಗೆ ಹೋದಾಗ ಅವರ ಸಂಬಳ ಹಿಡಿಯುತ್ತೀರಾ? ಬಾಗಿಲಿಗೆ ಬೀಗ ಹಾಕಿದ್ದು ನೀವು, ಅವರಲ್ಲ.

ದ್ರಾಕ್ಷಿತೋಟದ ಕೂಲಿಯವರ ಸಾಮತಿ ಮತ್ತಾಯ 20ರಲ್ಲಿದೆ. ಸಂಜೆ ಐದಕ್ಕೆ ಬಂದವನಿಗೂ ಬೆಳಿಗ್ಗೆಯಿಂದ ದುಡಿದವನಿಗೂ ಒಂದೇ ದಿನಾರಿ. ಯಾವ ಪ್ಲಾಂಟರಿಗೂ ಈ ಕತೆ ಹಿಡಿಸುವುದಿಲ್ಲ, ರೈಟರಿಗಂತೂ ಇಲ್ಲವೇ ಇಲ್ಲ, ಲೆಕ್ಕ ಕೂಡುವುದೇ ಇಲ್ಲವಲ್ಲ! ಆದರೆ ಆ ಮಾಲೀಕ ಯಾರಿಗೂ ಒಪ್ಪಿದ್ದಕ್ಕಿಂತ ಕಡಿಮೆ ಕೊಡಲಿಲ್ಲ. ಒಂದು ದಿನಾರಿ ಅಂದರೆ ಒಂದು ಮನೆಯ ಒಂದು ದಿನದ ಊಟ. ಐದು ಗಂಟೆಯವರೆಗೆ ಕೆಲಸ ಸಿಗದೆ ನಿಂತವನ ಮನೆಯಲ್ಲೂ ಅವತ್ತು ಒಲೆ ಉರಿಯಬೇಕಿತ್ತು.

ಹೆಜ್ಜೆ 4: ಲೋಟ

ಈ ಮಾತು ಹೇಳದೆ ಮುಂದೆ ಹೋದರೆ ಉಳಿದದ್ದೆಲ್ಲ ಸುಮ್ನೆ. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎನ್ನುವ ಭೇದ ಇಲ್ಲ ಅಂತ ಗಲಾತ್ಯದವರಿಗೆ ಪೌಲ ಬರೆದದ್ದನ್ನು ನಾವು ಜೋರಾಗಿ ಓದುತ್ತೇವೆ. ಮನೆಗೆ ಬಂದು ಜಗುಲಿಯ ಮೂಲೆಯಲ್ಲಿ ಬೇರೆ ಇಟ್ಟ ಲೋಟದಲ್ಲಿ ಆಳಿಗೆ ಕಾಫಿ ಕೊಡುತ್ತೇವೆ. ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತ ವಾದ ಮಾಡುವ ಮೊದಲು ಅಡುಗೆಮನೆಯ ಕಪಾಟು ನೋಡಿ. ಮಗನ ಮದುವೆಗೆ ಸಂಬಂಧ ಹುಡುಕುವಾಗ ಯಾವ ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತೀರಿ ಅದನ್ನೂ ನೋಡಿ.

ಮಾಡಬೇಕಾದ್ದು ಇಷ್ಟೇ. ಆ ಬೇರೆ ಲೋಟವನ್ನು ಇವತ್ತೇ ಉಳಿದವುಗಳ ಜೊತೆ ಸೇರಿಸಿ ಜೋಡಿಸಿ. ಯಾವುದು ಅಂತ ನಾಳೆ ನಿಮಗೇ ಗುರುತು ಸಿಗಬಾರದು.

ಹೆಜ್ಜೆ 5: ಹೌದಾದರೆ ಹೌದು

ಯೇಸು ಆಣೆ ಇಡಲೇಬೇಡಿ ಅಂದರು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ, ಅಷ್ಟು ಸಾಕು ಅಂದರು. ಸುಳ್ಳು ಸಾಕ್ಷಿ ಹೇಳಬೇಡ ಅನ್ನುವುದು ಕಥೋಲಿಕರ ಎಣಿಕೆಯಲ್ಲಿ ಎಂಟನೇ ಆಜ್ಞೆ, ಬಹುಪಾಲು ಪ್ರೊಟೆಸ್ಟೆಂಟರ ಎಣಿಕೆಯಲ್ಲಿ ಒಂಬತ್ತನೆಯದು. ಎಷ್ಟನೆಯದು ಅಂತ ನಾನೂ ನನ್ನ ಗೆಳೆಯನೂ ಒಂದು ಸಂಜೆ ಪೂರ್ತಿ ಜಗಳ ಆಡಿದ್ದೇವೆ. ಪಾಲಿಸಿದ್ದು ಇಬ್ಬರೂ ಕಡಿಮೆಯೇ.

ಎರಡು ಅಭ್ಯಾಸ ಸಾಕು. ಒಂದು, "ನಾಳೆ ಬರ್ತೀನಿ" ಅನ್ನುವ ಮೊದಲು ನಾಳೆ ನಿಜವಾಗಿ ಬರುತ್ತೀರಾ ಅಂತ ಯೋಚಿಸಿ. ಬರಲಾಗದಿದ್ದರೆ "ಗುರುವಾರ ಆಗುತ್ತದೆ" ಅನ್ನಿ. ಪ್ಲಂಬರ್, ಟೈಲರ್, ಎಲೆಕ್ಟ್ರಿಷಿಯನ್ ಕೆಲಸದವರು ಇದೊಂದನ್ನು ಹಿಡಿದರೆ ಊರಲ್ಲಿ ದೇವರಾಗಿಬಿಡುತ್ತಾರೆ. ಎರಡು, ವಾಟ್ಸಾಪಿನಲ್ಲಿ ಒಬ್ಬರ ಬಗ್ಗೆ, ಒಂದು ಧರ್ಮದ ಬಗ್ಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು, ಇದನ್ನು ಆ ವ್ಯಕ್ತಿಯ ಎದುರು ನಿಂತು ಓದಬಲ್ಲೆನಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ಅಲ್ಲೇ ಅಳಿಸಿ. ಪಕ್ಕದ ಮನೆಯ ಮುಸ್ಲಿಮರ, ಲಿಂಗಾಯತರ, ಒಕ್ಕಲಿಗರ ಬಗ್ಗೆ ಸುಳ್ಳು ಹಬ್ಬಿಸಿ ಅವರ ಹಬ್ಬಕ್ಕೆ ಕೇಕ್ ಕೊಟ್ಟರೆ ಏನು ಬಂತು?

ಹೆಜ್ಜೆ 6: ಬೇಲಿಯ ಜಗಳ

ನಮ್ಮ ಕಡೆ ಅಣ್ಣ ತಮ್ಮಂದಿರ ಮಾತು ನಿಲ್ಲುವುದು ಬಹುಪಾಲು ಒಂದು ಸಿಲ್ವರ್ ಮರದಿಂದ. ಬೇಲಿ ಯಾವ ಕಡೆ ಹೋಯಿತು, ಮರ ಯಾರದ್ದು, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ ಯಾರದ್ದು. ಹತ್ತು ವರ್ಷ ಒಂದೇ ಚರ್ಚಿಗೆ ಬಂದು, ಬಲಗಡೆ ಒಬ್ಬರು ಎಡಗಡೆ ಒಬ್ಬರು ಕೂತು ಹೋದವರನ್ನು ನಾನು ನೋಡಿದ್ದೇನೆ.

ಇದಕ್ಕೆ ಮತ್ತಾಯನಲ್ಲಿ ಎರಡು ಕಡೆ ದಾರಿ ಇದೆ. 5ನೇ ಅಧ್ಯಾಯದಲ್ಲಿ, ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ಬೇಸರ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನುತ್ತದೆ. ನಿನಗೆ ಅವನ ಮೇಲೆ ಬೇಸರ ಇದ್ದರೆ ಅಂತ ಅಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಅಂತ. 18ನೇ ಅಧ್ಯಾಯದಲ್ಲಿ ತಪ್ಪು ಅವನದ್ದಾದಾಗ ಏನು ಮಾಡಬೇಕು ಅಂತ ಇದೆ. ಮೊದಲು ನೀವಿಬ್ಬರೇ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ.

ನಾವು ಮಾಡುವುದು ಇದರ ತಲೆಕೆಳಗು. ಮೊದಲು ಇಡೀ ಊರಿಗೆ ಹೇಳುತ್ತೇವೆ, ಆಮೇಲೆ ಫಾದರಿಗೆ, ಕೊನೆಗೆ ಅವನಿಗೆ ವಕೀಲರ ನೋಟಿಸು.

ಇಬ್ಬರೇ ಮಾತಾಡುವಾಗ ಬೇಲಿಯ ಹತ್ತಿರ ನಿಂತು ಮಾತಾಡಬೇಡಿ, ರಕ್ತ ಬಿಸಿಯಾಗುತ್ತದೆ. ಒಬ್ಬರ ಮನೆಯಲ್ಲಿ ಕೂತು ಮಾತಾಡಿ. ಸರ್ವೆ ಮಾಡಿಸಲು ಇಬ್ಬರೂ ಸೇರಿ ಅರ್ಜಿ ಹಾಕಿ, ಖರ್ಚು ಅರ್ಧ ಅರ್ಧ. ಸರ್ವೆಯಲ್ಲಿ ಏನು ಬಂದರೂ ಒಪ್ಪುತ್ತೇವೆ ಅಂತ ಅಳತೆಗೆ ಮೊದಲೇ ಬರೆದುಕೊಳ್ಳಿ. ಕ್ಷಮೆ ಅಂದರೆ ಬೇಲಿ ಎಲ್ಲಿದ್ದರೂ ಪರವಾಗಿಲ್ಲ ಅಂತ ಅಲ್ಲ. ಬೇಲಿ ಸರಿ ಜಾಗದಲ್ಲಿ ನಿಲ್ಲಲಿ, ಅದರ ಮೇಲಿಂದ ಮಾತೂ ನಡೆಯಲಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಏಳೆಪ್ಪತ್ತು ಸಲ ಕ್ಷಮಿಸು ಅನ್ನುವ ಮಾತನ್ನು ಗಂಡನಿಂದ ಹೊಡೆತ ತಿನ್ನುವ ಹೆಂಗಸಿಗೆ, ದೊಡ್ಡವರಿಂದ ಕಿರುಕುಳ ಅನುಭವಿಸುವ ಮಗುವಿಗೆ ಹೇಳಿ ಕೂರಿಸುವವರು ಇದ್ದಾರೆ. ಅದು ತಪ್ಪು. ಪೆಟ್ಟು ನಿಲ್ಲಿಸುವುದು ಮೊದಲು. ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098, ತುರ್ತಿಗೆ 112. ಫೋನ್ ಮಾಡಲು ಅವರಿಗೆ ಆಗದಿದ್ದರೆ ನೀವು ಮಾಡಿ. ಆ ಮನೆ ನಿಮ್ಮ ಚರ್ಚಿನ ಮುಖಂಡರದ್ದಾಗಿದ್ದರೂ ಮಾಡಿ.

ಹೆಜ್ಜೆ 7: ದಾರಿಯಲ್ಲಿ ಬಿದ್ದವನು

ಒಳ್ಳೆಯ ಸಮಾರ್ಯದವನ ಕತೆ ಎಲ್ಲರಿಗೂ ಗೊತ್ತು: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಅವನ ಕಡೆಯವರೇ ನೋಡಿ ದಾಟಿಹೋದರು, ಪರರವನಾದ ಸಮಾರ್ಯದವನು ಎತ್ತಿ ಛತ್ರಕ್ಕೆ ಒಯ್ದ. ಅದನ್ನು ಚಾರ್ಮಾಡಿ ಘಾಟಿಯ ತಿರುವಿನಲ್ಲೋ ಸಕಲೇಶಪುರದಾಚೆ ಶಿರಾಡಿಯಲ್ಲೋ ಇಟ್ಟು ನೋಡಿ. ಬೈಕ್ ಬಿದ್ದಿದೆ, ಮಂಜು ಕವಿದಿದೆ, ನಿಮಗೆ ಮಂಗಳೂರಿನ ಆಸ್ಪತ್ರೆಗೆ ತಡವಾಗುತ್ತಿದೆ. ನಿಲ್ಲಿಸಿದರೆ ಪೊಲೀಸ್, ಕೋರ್ಟು ಅಂತ ಅಲೆಯಬೇಕು ಎನ್ನುವ ಭಯ.

ಆ ಭಯಕ್ಕೆ ಈಗ ಕಾರಣ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 134ಎ ಅನ್ನುವ ಕಲಂ ಸೇರಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ. ಕಾನೂನಿನಲ್ಲಿ ಅವರಿಗೆ ಇಟ್ಟ ಹೆಸರೂ 'ಗುಡ್ ಸಮಾರಿಟನ್' ಅಂತಲೇ. ಲೂಕನ 10ನೇ ಅಧ್ಯಾಯ ಭಾರತದ ಕಾಯ್ದೆ ಪುಸ್ತಕಕ್ಕೆ ಬಂದು ಕೂತಿದೆ!

ಮಾಡಬೇಕಾದ್ದು: ಗಾಡಿಯನ್ನು ತಿರುವಿನಿಂದ ದೂರ ನಿಲ್ಲಿಸಿ, ಅಪಾಯದ ದೀಪ ಹಾಕಿ, 108ಕ್ಕೆ ಕರೆ ಮಾಡಿ. ಘಾಟಿಯಲ್ಲಿ ಸಿಗ್ನಲ್ ಸಿಗದಿದ್ದರೆ ಇನ್ನೊಬ್ಬರನ್ನು ಸಿಗ್ನಲ್ ಇರುವ ಕಡೆಗೆ ಓಡಿಸಿ. ಬೆನ್ನು, ಕತ್ತಿಗೆ ಪೆಟ್ಟಾಗಿರುವಂತೆ ಕಂಡರೆ ಎಳೆದಾಡಬೇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಕತೆಯಲ್ಲಿ ನಾವು ಮರೆಯುವ ಭಾಗ ಕೊನೆಯದು. ಸಮಾರ್ಯದವನು ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ಎರಡು ದಿನಾರಿ ಅಂದರೆ ಎರಡು ದಿನದ ಕೂಲಿ. ಹಾಗಾದರೆ ನಿಮ್ಮ ಎರಡು ದಿನದ ಸಂಬಳ ಎಷ್ಟು? ಅಷ್ಟನ್ನು ಬೇರೆ ಡಬ್ಬಿಯಲ್ಲಿ ಇಟ್ಟಿರಿ. ಅಕ್ಕಪಕ್ಕದವರ ಆಸ್ಪತ್ರೆ, ಸಾವು, ಶಾಲೆ ಫೀಸಿಗೆ ಅಂತಲೇ. ಖಾಲಿಯಾದಾಗ ಮತ್ತೆ ತುಂಬಿಸಿ. ಕೊಡುವಾಗ ಅವರ ಜಾತಿ ಧರ್ಮ ಕೇಳಬೇಡಿ, ಕೊಟ್ಟ ಮೇಲೆ ಚರ್ಚಿಗೆ ಬನ್ನಿ ಅಂತಲೂ ಹೇಳಬೇಡಿ. ಬಿದ್ದವನನ್ನು ಎತ್ತಿದ ಸಮಾರ್ಯದವನು ಅವನಿಗೆ ಪಾಠ ಹೇಳಿದ ಅಂತ ಎಲ್ಲೂ ಬರೆದಿಲ್ಲ. ಫೋಟೋ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಇರುವಾಗ ಸ್ಟೇಟಸ್ಸಿಗೆ ಹಾಕುವುದು ಹೇಗೆ?

ಹೆಜ್ಜೆ 8: ಕೆಳಗಿನ ಊರು

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಸಕಲೇಶಪುರ ದಾಟಿ ಗೊರೂರಿಗೆ ಹೋಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ ಪಲ್ಪರ್. ಅದನ್ನು ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದರಲ್ಲಿನ ಸಿಪ್ಪೆ, ಸಕ್ಕರೆ ಅಂಶ ಕೊಳೆಯುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನು ಸಾಯುತ್ತದೆ, ನೀರು ನಾರುತ್ತದೆ. ಆ ನೀರನ್ನು ಕುಡಿಯುವ ದನ ಯಾರದ್ದೋ, ಮಗು ಯಾರದ್ದೋ.

ನನ್ನ ನೆರೆಯವನು ಯಾರು ಅಂತ ಒಬ್ಬ ಧರ್ಮಶಾಸ್ತ್ರಿ ಕೇಳಿದ್ದಕ್ಕೇ ಯೇಸು ಆ ಸಮಾರ್ಯದವನ ಕತೆ ಹೇಳಿದ್ದು. ಮಲೆನಾಡಿನಲ್ಲಿ ಉತ್ತರ ಸುಲಭ: ನನ್ನ ತೋಟದ ಹಳ್ಳ ಎಲ್ಲಿಗೆ ಹೋಗುತ್ತದೋ ಅಲ್ಲಿರುವವನು. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲಕ್ಕೆ ಅರ್ಧ ಮುಳುಗಿ ನಿಂತಿರುತ್ತದೆ. ಪ್ರವಾಸಿಗರು ಫೋಟೋ ತೆಗೆಯುತ್ತಾರೆ. ನನಗೆ ಅದನ್ನು ನೋಡಿದಾಗಲೆಲ್ಲ ಅನ್ನಿಸುವುದು, ಮೇಲಿನವರು ಬಿಟ್ಟ ನೀರೆಲ್ಲ ಕೊನೆಗೆ ಯಾರದ್ದೋ ಗೋಡೆಗೆ ಬಂದು ತಾಗುತ್ತದೆ ಅಂತ.

ಪಲ್ಪರ್ ನೀರಿಗೆ ಹೊಂಡ ತೆಗೆಸಿ, ಸುಣ್ಣ ಹಾಕಿ ಹುಳಿ ಇಳಿಸಿ, ಹಳ್ಳಕ್ಕೆ ಬಿಡದೆ ಇಂಗಲು ಬಿಡಿ. ಸಿಪ್ಪೆ ಗೊಬ್ಬರಕ್ಕೆ. ತೋಟ ಇಲ್ಲದವರು ಮನೆಯ ಪ್ಲಾಸ್ಟಿಕ್ ಚೀಲವನ್ನು ಸೇತುವೆ ಮೇಲಿಂದ ಎಸೆಯುವುದನ್ನು ನಿಲ್ಲಿಸಿದರೆ ಸದ್ಯಕ್ಕೆ ಸಾಕು.

ಹೆಜ್ಜೆ 9: ಆಳಿಗೂ ಭಾನುವಾರ

ಸಬ್ಬತ್ತಿನ ಆಜ್ಞೆಯನ್ನು ಪೂರ್ತಿ ಓದಿ. ವಿಮೋಚನಕಾಂಡ 20. ನೀನು ಮಾತ್ರ ಅಲ್ಲ, ನಿನ್ನ ಆಳು, ನಿನ್ನ ದನ, ನಿನ್ನೂರಲ್ಲಿರುವ ಪರದೇಶಿ, ಯಾರೂ ಅವತ್ತು ದುಡಿಯಬಾರದು. ನಾವು ಪೂಜೆಗೆ ಹೋಗುತ್ತೇವೆ, ಅಡುಗೆಯವಳಿಗೆ ಅವತ್ತೇ ಹಂದಿ ಮಾಂಸ, ಕಡುಬು, ನೆಂಟರು ಅಂತ ಎರಡರಷ್ಟು ಕೆಲಸ. ಅವರಿಗೆ ಬೇರೆ ದಿನವಾದರೂ ಪೂರ್ತಿ ರಜ ಕೊಡಿ. ಮನೆಯಲ್ಲಿ ಅಮ್ಮನೇ ಅಡುಗೆಯವಳಾಗಿದ್ದರೆ ಈ ಮಾತು ಇನ್ನೂ ಹೆಚ್ಚು ನಿಜ.

ಹೆಜ್ಜೆ 10: ರಾತ್ರಿಯ ಐದು ನಿಮಿಷ

ಹದಿನಾರನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಅಭ್ಯಾಸ ಇದು. ಮಲಗುವ ಮುನ್ನ ದೇವರಿಗೆ ಇವತ್ತಿನ ಒಂದು ವಿಷಯಕ್ಕೆ ಥ್ಯಾಂಕ್ಸ್ ಹೇಳಿ. ಕಣ್ಣು ತೆರೆಸು ಅಂತ ಕೇಳಿ. ಬೆಳಿಗ್ಗೆಯಿಂದ ದಿನವನ್ನು ಹಿಂದಕ್ಕೆ ನೋಡಿ. ತಪ್ಪಿಗೆ ಕ್ಷಮೆ ಕೇಳಿ. ನಾಳೆಗೆ ಒಂದು ತೀರ್ಮಾನ ಮಾಡಿ. ಇಷ್ಟೇ ಐದು ಭಾಗ.

ನಾನು ಸೇರಿಸಿಕೊಂಡದ್ದು ಒಂದೇ. ದಿನವನ್ನು ನೋಡುವಾಗ ಮೊದಲ ಹೆಜ್ಜೆಯ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ನೆನಪಿಗೆ ಬರುವುದು ನನಗೆ ಯಾರ್ಯಾರು ಏನೇನು ಅಂದರು ಅನ್ನುವುದು ಮಾತ್ರ.

ಕೆಲವು ದಿನ ನಿದ್ದೆ ಬಂದುಬಿಡುತ್ತದೆ. ಪರವಾಗಿಲ್ಲ, ಮರುದಿನ ಮಾಡಿ. ಬಿಟ್ಟ ದಿನಗಳನ್ನು ಒಟ್ಟು ಸೇರಿಸಿ ತುಂಬಲು ಹೋಗಬೇಡಿ.

ಹೆಜ್ಜೆ 11: ಹಳೆಯ ಬಾಕಿ

ಇದು ಕೊನೆಯಲ್ಲಿರುವುದು ಕಷ್ಟ ಅಂತ. ನಾನು ಇದಕ್ಕೆ ಬರಲು ಎಂಟು ವರ್ಷ ತೆಗೆದುಕೊಂಡೆ.

ಇನ್ನು ಮೇಲೆ ಸರಿಯಾಗಿ ತೂಗುತ್ತೇನೆ ಅನ್ನುವುದು ಒಳ್ಳೆಯದೇ. ಆದರೆ ತೂಗದೆ ಬಿಟ್ಟದ್ದು? ಸುಂಕದ ಜಕ್ಕಾಯ, ಯೇಸು ತಾವಾಗಿಯೇ ಅವನ ಮನೆಗೆ ಬಂದ ದಿನ, ಯಾರಿಂದಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ಅಷ್ಟು ದೊಡ್ಡ ಮನಸ್ಸು ಇಲ್ಲದವರಿಗೆ ಹಳೆಯ ಒಡಂಬಡಿಕೆಯಲ್ಲಿ ಒಂದು ಲೆಕ್ಕ ಇದೆ. ಯಾಜಕಕಾಂಡ 6ನೇ ಅಧ್ಯಾಯ ಮತ್ತು ಅರಣ್ಯಕಾಂಡ (ಕೆಲವು ಅನುವಾದಗಳಲ್ಲಿ ಸಂಖ್ಯಾಕಾಂಡ) 5ನೇ ಅಧ್ಯಾಯ: ತೆಗೆದುಕೊಂಡದ್ದನ್ನು ಪೂರ್ತಿ ಕೊಡು, ಅದರ ಐದನೇ ಒಂದು ಪಾಲು ಸೇರಿಸಿ ಕೊಡು.

ನಾನು ರೈಟರಲ್ಲವ, ಲೆಕ್ಕ ಹಾಕಿದೆ. ಇಪ್ಪತ್ತು ಜನ, ದಿನಕ್ಕೆ ಅರ್ಧ ಕಿಲೋ, ಹತ್ತು ಕಿಲೋ ಆಯಿತು. ಅರವತ್ತು ದಿನದ ಕೊಯ್ಲು, 600 ಕಿಲೋ. ಹಳೆಯ ದರ ಹಿಡಿದರೆ ನನಗೆ ಲಾಭ, ಹಾಗಾಗಿ ಕಿಲೋಗೆ 5 ರೂಪಾಯಿ ಅಂತ ಹಿಡಿದೆ. ಒಂದು ವರ್ಷಕ್ಕೆ 3,000, ಆರು ವರ್ಷಕ್ಕೆ 18,000. ಐದನೇ ಒಂದು ಪಾಲು 3,600. ಒಟ್ಟು 21,600. ಒಬ್ಬೊಬ್ಬರಿಗೆ 1,080 ರೂಪಾಯಿ. ಆ ದುಡ್ಡು ನನ್ನ ಜೇಬಿಗೆ ಬಂದದ್ದಲ್ಲ ಅನ್ನುವುದು ನಿಜ. ತಪ್ಪು ಬರೆದ ಪೆನ್ನು ನನ್ನದು.

ನೀವು ಮಾಡುವಾಗ ಇಷ್ಟು ನೋಡಿಕೊಳ್ಳಿ. ಮೊತ್ತ ನೆನಪಿಲ್ಲದಿದ್ದರೆ ಅಂದಾಜು ಮಾಡಿ, ಅಂದಾಜು ನಿಮಗೆ ನಷ್ಟವಾಗುವ ಕಡೆ ಇರಲಿ. ಕವರಿನಲ್ಲಿ ಹಾಕಿ ಹಬ್ಬದ ಇನಾಮು ಅಂತ ಕೊಡಬೇಡಿ, ಬಾಕಿ ಅಂತ ಹೇಳಿಯೇ ಕೊಡಿ. ಇನಾಮು ಅಂದರೆ ಅವರು ನಿಮಗೆ ಕೈ ಮುಗಿಯುತ್ತಾರೆ, ಮೋಸದ ಮೇಲೆ ಮೋಸ ಆಯಿತು. ತೀರಿಹೋದವರಿದ್ದರೆ ಮಕ್ಕಳಿಗೆ. ಯಾರೂ ಸಿಗದಿದ್ದರೆ ಆ ಪಾಲು ಯಾಜಕನ ಮೂಲಕ ದೇವರಿಗೆ ಅನ್ನುತ್ತದೆ ಅರಣ್ಯಕಾಂಡ. ನಾನು ಅದನ್ನು ಅಂಥದ್ದೇ ಕೆಲಸ ಮಾಡುವ ಬೇರೆ ಮನೆಗೆ ಕೊಟ್ಟೆ. ಪಾಪನಿವೇದನೆ ಮಾಡಿದರೆ ಬಾಕಿ ತೀರಿತು ಅಂದುಕೊಳ್ಳಬೇಡಿ. ನಾನು ಹೋದಾಗ ಫಾದರ್ ಎಲ್ಲ ಕೇಳಿ, "ದುಡ್ಡು ಯಾವಾಗ ಕೊಡ್ತೀರಿ?" ಅಂತಲೇ ಮೊದಲು ಕೇಳಿದರು.

ಪಿಎಫ್ ದುಡ್ಡು ಬಂದ ತಿಂಗಳು ಪಟ್ಟಿ ಹಿಡಿದು ಲೈನಿಗೆ ಹೋದೆ. ಮೊದಲು ಸಿಕ್ಕಿದ್ದು ಒಬ್ಬ ಅಜ್ಜಿ. ಈಗ ಕೊಯ್ಲಿಗೆ ಹೋಗುವುದಿಲ್ಲ, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾರೆ. ವಿಷಯ ಹೇಳಿದೆ. ನನಗೆ ಗಂಟಲು ಕಟ್ಟಿತ್ತು. ಅವರಿಗೆ ಅಂಥದ್ದೇನೂ ಆಗಲಿಲ್ಲ. "ಗೊತ್ತಿತ್ತು ಬಿಡಿ ರೈಟ್ರೇ, ಮುಳ್ಳು ನಮಗೂ ಕಾಣ್ತಿತ್ತು" ಅಂದರು. ನೋಟುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿ ನೋಡಿ ಕೇಳಿದರು.

"ನನ್ನ ಮಗಳದ್ದು? ಅವಳೂ ಎರಡು ವರ್ಷ ನನ್ನ ಪಕ್ಕದ ಸಾಲಲ್ಲೇ ಕೊಯ್ದಿದ್ದಳಲ್ಲ."

ಅವಳ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದೆ.